ಕ್ಯಾಮೆರಾ ವಿಮೆ: ಯಾವುದಕ್ಕೆ ಬೇಕು, ಯಾವುದಕ್ಕೆ ಬೇಡ

ಒಂದು ಲಕ್ಷ ರೂಪಾಯಿಯ ಬೈಕು ವಿಮೆಯಿಲ್ಲದೆ ರಸ್ತೆಗಿಳಿಯುವಂತಿಲ್ಲ. 1988ರ ಮೋಟಾರು ವಾಹನ ಕಾಯ್ದೆ ಬಿಡುವುದಿಲ್ಲ. ಅದೇ ಬೈಕಿನ ಸವಾರ ಹೆಗಲಿಗೆ ಹಾಕಿಕೊಂಡ ಚೀಲದಲ್ಲಿ ಒಂದು ಕ್ಯಾಮೆರಾ, ಎರಡು ಲೆನ್ಸು, ಒಂದು ಫ್ಲ್ಯಾಷು ಇದ್ದರೆ ಆ ಚೀಲದ ಬೆಲೆ ಬೈಕಿನ ನಾಲ್ಕು ಪಟ್ಟು ಇರಬಹುದು. ಅದಕ್ಕೆ ವಿಮೆ ಇರುವುದು ಮಾತ್ರ ಬಲು ಅಪರೂಪ. ಬೈಕಿಗೆ ಕಾನೂನು ವಿಮೆ ಕೇಳುವುದು ಸವಾರನ ಮೇಲಿನ ಕಾಳಜಿಯಿಂದಲ್ಲ, ಅವನಿಂದ ಪೆಟ್ಟು ತಿನ್ನಬಹುದಾದ ದಾರಿಹೋಕರ ಮೇಲಿನ ಕಾಳಜಿಯಿಂದ. ಕ್ಯಾಮೆರಾ ಹೋದರೆ ನಷ್ಟಪಡುವವನು ಅದರ ಒಡೆಯನೊಬ್ಬನೇ. ಹಾಗಾಗಿ ಅದರ ಯೋಚನೆಯನ್ನು ಅವನೇ ಮಾಡಬೇಕು. ಇಂದು ಒಂದು ಒಳ್ಳೆಯ ಫುಲ್‌ಫ್ರೇಮ್ ಕ್ಯಾಮೆರಾದ ಬರಿಯ ಬಾಡಿಯೇ ಎರಡು ಲಕ್ಷದ ಸುತ್ತಮುತ್ತ ಇದೆ. ಕಬಿನಿಯ ಸಫಾರಿ ಜೀಪುಗಳಲ್ಲಿ ಕಾಣುವ 600 ಮಿಲಿಮೀಟರಿನ ದೊಡ್ಡ ಲೆನ್ಸುಗಳಲ್ಲಿ ಕೆಲವು ಹತ್ತು ಲಕ್ಷ ದಾಟುತ್ತವೆ. ಆ ಜೀಪಿಗೆ ವಿಮೆ ಇದೆ, ಜೀಪಿನಲ್ಲಿ ಕೂತವರ ಜೀವಕ್ಕೂ ಬಹುಶಃ ಇದೆ. ಅವರ ತೊಡೆಯ ಮೇಲಿರುವ ಲೆನ್ಸಿಗೆ ಇದೆಯೇ ಎಂದು ಕೇಳಿದರೆ ಉತ್ತರ ತಡವರಿಸುತ್ತದೆ.

ಮಾಡಿಸೋಣವೆಂದು ಹೊರಟವರು ಇಲ್ಲದಿಲ್ಲ. ಅವರು ಮೊದಲು ವಿಚಾರಿಸುವುದು ಮನೆಗೆ ಬಂದುಹೋಗುವ ಜೀವವಿಮೆಯ ಏಜೆಂಟರನ್ನು. ಜೀವವಿಮೆಯ ವ್ಯವಹಾರವೇ ಬೇರೆ, ಬೆಂಕಿ, ಕಳವು, ಅಪಘಾತಗಳ ಸಾಮಾನ್ಯ ವಿಮೆಯ ವ್ಯವಹಾರವೇ ಬೇರೆ. ‘ಕ್ಯಾಮೆರಾಕ್ಕೆಲ್ಲಾ ಇಲ್ಲ ಸಾರ್’ ಎಂಬ ಉತ್ತರ ಅಲ್ಲಿಂದ ಬಂದರೆ ಆಶ್ಚರ್ಯಪಡಬೇಕಿಲ್ಲ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಸಾಮಾನ್ಯ ವಿಮೆಯ ಕಚೇರಿಯ ಮೆಟ್ಟಿಲು ಹತ್ತಿದವರು ಅಲ್ಲಿ ಹೇಳಿದ ಪ್ರೀಮಿಯಂ ಕೇಳಿ ಇಳಿದುಬರುತ್ತಾರೆ. ಹೀಗೆ ಒಬ್ಬರಿಗೆ ವಿಮೆಯೇ ಇಲ್ಲ, ಇನ್ನೊಬ್ಬರಿಗೆ ಇದ್ದರೂ ಕೈಗೆಟಕುವುದಿಲ್ಲ ಎಂಬ ತೀರ್ಮಾನ ಆಗಿಬಿಡುತ್ತದೆ. ಇವೆರಡೂ ಪೂರ್ತಿ ನಿಜವಲ್ಲ. ಕ್ಯಾಮೆರಾಕ್ಕೆ ವಿಮೆ ಇದೆ, ಬೇರೆ ಬೇರೆ ಹೆಸರುಗಳ ಅಡಿಯಲ್ಲಿ ಅಡಗಿಕೊಂಡಿದೆ. ಮತ್ತೆ, ಏನನ್ನು ವಿಮೆಯಿಂದ ಹೊರಗಿಡಬೇಕು ಎಂದು ಮೊದಲೇ ಮನಸ್ಸಿನಲ್ಲಿ ಗೊತ್ತುಮಾಡಿಕೊಂಡು ಹೋದವರಿಗೆ ಅದು ತಾಳಬಲ್ಲ ಬೆಲೆಗೂ ಸಿಗುತ್ತದೆ. ಈ ಎರಡನೆಯ ಮಾತನ್ನೇ ಇವತ್ತು ಸ್ವಲ್ಪ ಬಿಡಿಸಿ ಹೇಳಬೇಕೆಂದಿದ್ದೇನೆ.

ಮೊದಲು ಹೆಸರುಗಳ ಗೊಂದಲ. ಸರ್ಕಾರಿ ವಿಮಾ ಕಂಪನಿಗಳಲ್ಲಿ ಬಹಳ ಹಿಂದಿನಿಂದ ‘ಆಲ್ ರಿಸ್ಕ್’ ಎಂಬ ಪಾಲಿಸಿ ಇದೆ. ಒಡವೆ, ಕೈಗಡಿಯಾರ, ಕ್ಯಾಮೆರಾ ಮುಂತಾಗಿ ಮನುಷ್ಯ ಮೈಮೇಲೆ ಅಥವಾ ಕೈಯಲ್ಲಿ ಒಯ್ಯುವ ಬೆಲೆಬಾಳುವ ವಸ್ತುಗಳಿಗಾಗಿ ಮಾಡಿದ್ದು. ಎಲ್ಲ ಅಪಾಯಗಳಿಗೂ ರಕ್ಷಣೆ ಎಂದು ಹೆಸರೇ ಹೇಳುತ್ತದೆ. ಆದರೆ ಪಾಲಿಸಿಯ ಹಿಂಬದಿಯ ಸಣ್ಣ ಅಕ್ಷರಗಳಲ್ಲಿ, ರಕ್ಷಣೆ ಇಲ್ಲದ ಸಂಗತಿಗಳ ಪಟ್ಟಿಯಲ್ಲಿ, ಕ್ಯಾಮೆರಾದವರು ಎರಡು ಸಲ ಓದಬೇಕಾದ ಸಾಲೊಂದು ಅನೇಕ ಪಾಲಿಸಿಗಳಲ್ಲಿ ಇರುತ್ತದೆ. ಗಾಜು, ಪಿಂಗಾಣಿ, ಕ್ಯಾಮೆರಾ, ದುರ್ಬೀನು, ಲೆನ್ಸು ಮೊದಲಾದ ಒಡೆಯುವ ಸ್ವಭಾವದ ವಸ್ತುಗಳು ಒಡೆದರೆ, ಬಿರುಕು ಬಿಟ್ಟರೆ, ಗೀಚಿಹೋದರೆ ಪರಿಹಾರವಿಲ್ಲ. ಬೆಂಕಿಯಿಂದ ಅಥವಾ ಒಯ್ಯುತ್ತಿದ್ದ ವಾಹನಕ್ಕೆ ಅಪಘಾತವಾಗಿ ಹಾಗಾಗಿದ್ದರೆ ಮಾತ್ರ ಉಂಟು. ಅಂದರೆ ಜಾರುವ ಬಂಡೆಯ ಮೇಲೆ ಕೈತಪ್ಪಿ ಬಿದ್ದ ಲೆನ್ಸಿಗೆ ಈ ‘ಎಲ್ಲ ಅಪಾಯ’ದ ಪಾಲಿಸಿ ಒಂದು ಕಾಸನ್ನೂ ಕೊಡದೆ ಇರಬಹುದು. ಹಾಗೆಯೇ ಕಾರಿನಿಂದ ಕಳವಾದರೆ, ಆ ಕಾರು ಪೂರ್ತಿ ಮುಚ್ಚಿದ ಮಾದರಿಯದಾಗಿದ್ದು, ಬಾಗಿಲು ಕಿಟಕಿಗಳಿಗೆಲ್ಲ ಬೀಗ ಬಿದ್ದಿದ್ದರೆ ಮಾತ್ರ ಪರಿಹಾರ ಎಂಬ ಷರತ್ತೂ ಇರುತ್ತದೆ. ತೆರೆದ ಜೀಪಿನ ಸೀಟಿನ ಮೇಲೆ ಚೀಲ ಇಟ್ಟು ಚಹಾಕ್ಕೆ ಇಳಿದವರ ಪಾಡೇನೆಂದು ಬೇರೆ ಹೇಳಬೇಕಿಲ್ಲ.

ಕಳವು ಎಂಬುದರಲ್ಲೂ ಒಳಭೇದಗಳಿವೆ. ‘ಬರ್ಗ್ಲರಿ’ ಪಾಲಿಸಿ ಎಂದು ಕೊಡುವುದರಲ್ಲಿ ಸಾಮಾನ್ಯವಾಗಿ ಬೀಗ ಒಡೆದು, ಬಾಗಿಲು ಮುರಿದು, ಬಲಪ್ರಯೋಗ ಮಾಡಿ ಒಳನುಗ್ಗಿದ ಕಳ್ಳತನಕ್ಕೆ ಮಾತ್ರ ರಕ್ಷಣೆ. ಈ ವಿಷಯ 2004ರಲ್ಲಿ ಸುಪ್ರೀಂ ಕೋರ್ಟಿನ ಮುಂದೆಯೇ ಬಂತು. ಯುನೈಟೆಡ್ ಇಂಡಿಯಾ ಕಂಪನಿಯ ವಿರುದ್ಧ ಹರ್‌ಚಂದ್ ರಾಯ್ ಚಂದನ್ ಲಾಲ್ ಎಂಬ ವ್ಯಾಪಾರಿ ಸಂಸ್ಥೆ ಹೂಡಿದ್ದ ವ್ಯಾಜ್ಯದಲ್ಲಿ, ಪಾಲಿಸಿಯಲ್ಲಿ ಬಲಪ್ರಯೋಗದ ಮಾತು ಇದ್ದ ಮೇಲೆ ಬಲಪ್ರಯೋಗವಿಲ್ಲದ ಕಳವು ಅದರೊಳಗೆ ಬರುವುದಿಲ್ಲ, ಕ್ರಿಮಿನಲ್ ಕಾನೂನಿನಲ್ಲಿ ಆ ಪದಕ್ಕೆ ಏನೇ ಅರ್ಥವಿದ್ದರೂ ಇಲ್ಲಿ ಪಾಲಿಸಿಯ ಒಕ್ಕಣೆಯೇ ಪ್ರಮಾಣ ಎಂದು ನ್ಯಾಯಾಲಯ ಹೇಳಿತು. ಕ್ಯಾಮೆರಾ ಕಳವಾಗುವ ಬಗೆಯನ್ನು ನೆನೆಸಿಕೊಂಡರೆ ಈ ತೀರ್ಪಿನ ಬಿಸಿ ತಿಳಿಯುತ್ತದೆ. ಛತ್ರದಲ್ಲಿ ಧಾರೆ ಮುಗಿದು ಎಲ್ಲರೂ ಪಂಕ್ತಿಗೆ ಎದ್ದಿರುತ್ತಾರೆ, ವೇದಿಕೆಯ ಪಕ್ಕದ ಕುರ್ಚಿಯ ಮೇಲಿದ್ದ ಚೀಲ ಕಾಣೆಯಾಗುತ್ತದೆ. ಬೀಗ ಮುರಿದಿಲ್ಲ, ಬಾಗಿಲು ಒಡೆದಿಲ್ಲ. ಸ್ಟುಡಿಯೋದ ಹೆಸರಿನಲ್ಲಿ ವರ್ಷವರ್ಷವೂ ಕಟ್ಟಿಕೊಂಡು ಬಂದ ಬರ್ಗ್ಲರಿ ಪಾಲಿಸಿ ಆ ಹೊತ್ತಿನಲ್ಲಿ ಕೆಲಸಕ್ಕೆ ಬರುವುದಿಲ್ಲ. ಇನ್ನು ಸ್ನೇಹಿತನಿಗೋ ಬಾಡಿಗೆಗೋ ಕೊಟ್ಟ ಕ್ಯಾಮೆರಾ ವಾಪಸು ಬರಲಿಲ್ಲವೆನ್ನಿ, ಅದು ಕಳವೇ ಅಲ್ಲ. ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಮಿನ ಕಳ್ಳತನಕ್ಕೂ 316ನೇ ಕಲಮಿನ ನಂಬಿಕೆದ್ರೋಹಕ್ಕೂ ಇರುವ ಅಂತರ ವಿಮಾ ಕಂಪನಿಗೆ ಚೆನ್ನಾಗಿ ಗೊತ್ತು. ನಾವೇ ಕೈಯಾರೆ ಒಪ್ಪಿಸಿದ್ದನ್ನು ಕದ್ದರು ಎಂದರೆ ಅವರು ಒಪ್ಪುವುದಿಲ್ಲ.

ಹಾಗಾದರೆ ಬಿದ್ದು ಒಡೆದದ್ದಕ್ಕೆ ಏನು ದಾರಿ? ಎಲೆಕ್ಟ್ರಾನಿಕ್ ಎಕ್ವಿಪ್‌ಮೆಂಟ್ ಪಾಲಿಸಿ ಎಂದು ಇನ್ನೊಂದಿದೆ. ಕಚೇರಿಯ ಕಂಪ್ಯೂಟರು, ಆಸ್ಪತ್ರೆಯ ಯಂತ್ರಗಳಿಗೆ ಹೆಚ್ಚಾಗಿ ಬಳಕೆಯಲ್ಲಿರುವುದು. ಹಠಾತ್ತನೆ, ಊಹಿಸದೆ ಆಗುವ ಭೌತಿಕ ಹಾನಿಗೆ ಅದು ರಕ್ಷಣೆ ಕೊಡುತ್ತದೆ. ಮೂಲದಲ್ಲಿ ಅದು ಒಂದು ಗೊತ್ತಾದ ಜಾಗದಲ್ಲಿರುವ ಯಂತ್ರಕ್ಕೆ. ಕೈಯಲ್ಲಿ ಹೊತ್ತು ತಿರುಗುವ ಸಲಕರಣೆಗೆ ಬೇಕಾದರೆ ‘ಪೋರ್ಟಬಲ್’ ಎಂದು ಹೆಚ್ಚುವರಿಯಾಗಿ ಬರೆಸಿಕೊಳ್ಳಬೇಕು. ಆ ಒಂದು ಸಾಲು ಬೀಳದೆ ಹೋದರೆ ಪಾಲಿಸಿಯಲ್ಲಿ ಬರೆದ ವಿಳಾಸದಿಂದ ಕ್ಯಾಮೆರಾ ಹೊರಗೆ ಬಂದ ಕ್ಷಣವೇ ರಕ್ಷಣೆ ನಿಂತಂತೆ. ಈ ಪಾಲಿಸಿಯಲ್ಲಿ ವಿಮಾ ಮೊತ್ತವೆಂದರೆ ಅದೇ ಸಾಮರ್ಥ್ಯದ ಹೊಸ ವಸ್ತುವಿನ ಇವತ್ತಿನ ಬೆಲೆ, ನೀವು ಐದು ವರ್ಷದ ಹಿಂದೆ ಕೊಟ್ಟ ದುಡ್ಡಲ್ಲ ಎಂಬುದನ್ನೂ ನೆನಪಿಡಬೇಕು. ಮನೆಯ ವಿಮೆಯ ಕಡೆ ನೋಡಿದರೆ, 2021ರ ಏಪ್ರಿಲ್ 1ರಿಂದ ಎಲ್ಲ ಕಂಪನಿಗಳೂ ಒಂದೇ ಒಕ್ಕಣೆಯಲ್ಲಿ ಮಾರುತ್ತಿರುವ ‘ಭಾರತ್ ಗೃಹ ರಕ್ಷಾ’ ಇದೆ. ಕಟ್ಟಡಕ್ಕೆ ವಿಮೆ ಮಾಡಿಸಿದರೆ ಅದರ ಮೊತ್ತದ ಶೇ. 20ರಷ್ಟು, ಹೆಚ್ಚೆಂದರೆ 10 ಲಕ್ಷ ರೂಪಾಯಿ, ಮನೆಯೊಳಗಿನ ಸಾಮಾನಿಗೂ ತಾನಾಗಿ ಸೇರಿಕೊಳ್ಳುತ್ತದೆ. ಬೆಂಕಿ, ಸಿಡಿಲು, ನೆರೆ, ಭೂಕುಸಿತಗಳಿಗೆ ಒಳ್ಳೆಯ ರಕ್ಷಣೆ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಆದಂಥದ್ದು ಮತ್ತೆ ಆದರೆ ಬೀರುವಿನಲ್ಲಿದ್ದ ಕ್ಯಾಮೆರಾಕ್ಕೂ ಅದು ಉಪಯೋಗಕ್ಕೆ ಬರುತ್ತದೆ. ಕಳವು ಮಾತ್ರ, ಅಂಥ ಅವಘಡವಾದ ಏಳು ದಿನಗಳೊಳಗೆ, ಅದರ ಕಾರಣದಿಂದಲೇ ನಡೆದಿದ್ದರೆ ಸೇರುತ್ತದೆ. ಮನೆಯಿಂದ ಹೊರಟ ಕ್ಯಾಮೆರಾದ ಸುದ್ದಿ ಅದರಲ್ಲಿಲ್ಲ. ಹಳೆಯ ಮಾದರಿಯ ‘ಹೌಸ್‌ಹೋಲ್ಡರ್ಸ್’ ಪಾಲಿಸಿಯಲ್ಲಿ ಬೆಂಕಿ, ಕಳವು, ಆಲ್ ರಿಸ್ಕ್ ಎಂದು ಬೇರೆ ಬೇರೆ ವಿಭಾಗಗಳಿದ್ದು, ಹೆಚ್ಚು ವಿಭಾಗ ತೆಗೆದುಕೊಂಡವರಿಗೆ ರಿಯಾಯಿತಿ ಕೊಡುವ ಪದ್ಧತಿ ಇದೆ. ಒಂಟಿ ಪಾಲಿಸಿಯಾಗಿ ತುಟ್ಟಿ ಎನಿಸುವ ಆಲ್ ರಿಸ್ಕ್ ಇಲ್ಲಿ ಮನೆಯ ವಿಮೆಯ ಜೊತೆ ಸೇರಿ ಹಗುರಾಗುವುದುಂಟು. ಹವ್ಯಾಸಿಗಳು ಮೊದಲು ತಟ್ಟಬೇಕಾದ ಬಾಗಿಲು ಇದು.

ಪ್ರೀಮಿಯಂ ಏಕೆ ತುಟ್ಟಿ ಎಂಬುದನ್ನು ತಿಳಿದುಕೊಂಡರೆ ಅದನ್ನು ಇಳಿಸುವುದು ಹೇಗೆಂದೂ ಹೊಳೆಯುತ್ತದೆ. ಆರೋಗ್ಯ ವಿಮೆಯನ್ನು ಲಕ್ಷಾಂತರ ಜನ ಮಾಡಿಸುತ್ತಾರೆ, ಬಹಳಷ್ಟು ಮಂದಿ ಆ ವರ್ಷ ಕ್ಲೇಮು ಮಾಡುವುದಿಲ್ಲ. ಕ್ಯಾಮೆರಾಕ್ಕೆ ವಿಮೆ ಕೇಳಿಕೊಂಡು ಬರುವವರು ಮಾತ್ರ ಹೆಚ್ಚಾಗಿ ಅದನ್ನು ಕಾಡು, ನದಿ, ಜಾತ್ರೆಗಳಿಗೆ ಒಯ್ಯುವವರೇ. ಬೀರುವಿನಲ್ಲಿ ಬಟ್ಟೆ ಸುತ್ತಿಟ್ಟವರು ಬರುವುದಿಲ್ಲ. ಹೀಗಾಗಿ ಕಂಪನಿಯ ಪುಸ್ತಕದಲ್ಲಿ ಅಪಾಯದ ಗಿರಾಕಿಗಳೇ ತುಂಬುತ್ತಾರೆ ಮತ್ತು ದರ ಏರುತ್ತದೆ. ಇನ್ನೊಂದು ಕಾರಣ ಸಣ್ಣ ಕ್ಲೇಮುಗಳು. ಮೂರು ಸಾವಿರದ ಫಿಲ್ಟರು ಒಡೆದದ್ದಕ್ಕೂ ಅರ್ಜಿ, ಬಿಲ್ಲು, ಪರಿಶೀಲನೆ, ಪತ್ರವ್ಯವಹಾರ ಎಲ್ಲ ಆಗಬೇಕು. ಆ ಓಡಾಟದ ಖರ್ಚೇ ಫಿಲ್ಟರಿನ ಬೆಲೆಯನ್ನು ಮೀರುತ್ತದೆ. ಆ ಖರ್ಚೂ ನಮ್ಮ ಪ್ರೀಮಿಯಂನಲ್ಲೇ ಸೇರಿರುತ್ತದೆ. ಸಾಲದ್ದಕ್ಕೆ ಅದರ ಮೇಲೆ ಶೇ. 18ರ ಜಿಎಸ್‌ಟಿ; 2025ರ ಸೆಪ್ಟೆಂಬರಿನಲ್ಲಿ ತೆರಿಗೆ ಮನ್ನಾ ಆದದ್ದು ವೈಯಕ್ತಿಕ ಜೀವವಿಮೆ ಮತ್ತು ಆರೋಗ್ಯ ವಿಮೆಗೆ, ವಸ್ತುಗಳ ವಿಮೆಗಲ್ಲ.

ಆದ್ದರಿಂದ ಮಾಡಬೇಕಾದ ಮೊದಲ ಕೆಲಸ, ಸಣ್ಣ ನಷ್ಟಗಳನ್ನು ಕಂಪನಿಯ ಹೆಗಲಿಗೆ ದಾಟಿಸುವ ಆಸೆ ಬಿಡುವುದು. ಲೆಕ್ಕ ಹಾಕಿ ನೋಡೋಣ. ಬಾಡಿ 2 ಲಕ್ಷ, ಟೆಲಿ ಲೆನ್ಸು 1 ಲಕ್ಷ 80 ಸಾವಿರ, ಅಗಲ ಕೋನದ ಲೆನ್ಸು 60 ಸಾವಿರ, ಫ್ಲ್ಯಾಷು, ಟ್ರೈಪಾಡು, ಚೀಲ, ಫಿಲ್ಟರುಗಳೆಲ್ಲ ಸೇರಿ 60 ಸಾವಿರ, ಒಟ್ಟು 5 ಲಕ್ಷ ಎಂದಿಟ್ಟುಕೊಳ್ಳಿ. ದರ ನೂರಕ್ಕೆ ಎರಡು ಎಂದು ಭಾವಿಸಿದರೆ ಪ್ರೀಮಿಯಂ 10 ಸಾವಿರ, ತೆರಿಗೆ ಸೇರಿ 11,800 ರೂಪಾಯಿ. ಬಾಡಿ ಮತ್ತು ಟೆಲಿ ಲೆನ್ಸನ್ನಷ್ಟೇ ಸೇರಿಸಿದರೆ ಮೊತ್ತ 3 ಲಕ್ಷ 80 ಸಾವಿರ, ತೆರಿಗೆ ಸೇರಿ 8,968 ರೂಪಾಯಿ. ಪ್ರತಿ ಕ್ಲೇಮಿನಲ್ಲೂ ಮೊದಲ ಹತ್ತೋ ಹದಿನೈದೋ ಸಾವಿರವನ್ನು ನಾವೇ ಭರಿಸುತ್ತೇವೆ ಎಂದು ಒಪ್ಪಿಕೊಂಡರೆ, ವಿಮೆಯ ಭಾಷೆಯಲ್ಲಿ ಎಕ್ಸೆಸ್ ಎನ್ನುವ ಈ ಭಾಗವನ್ನು ಹೆಚ್ಚಿಸಿಕೊಂಡರೆ, ದರವನ್ನೇ ಇಳಿಸಲು ಮಾತಾಡಬಹುದು. ವಿದೇಶಕ್ಕೆ ಒಯ್ಯುವ ಯೋಚನೆ ಇಲ್ಲದವರು ರಕ್ಷಣೆ ಭಾರತದೊಳಗೆ ಸಾಕು ಎಂದು ಬರೆಸಬಹುದು; ಜಗತ್ತಿಗೆಲ್ಲ ಬೇಕೆಂದರೆ ಹೆಚ್ಚು ಕಟ್ಟಬೇಕು. ಕೇಳದೆ ಯಾವ ಕಂಪನಿಯೂ ಇವನ್ನು ತಾನಾಗಿ ಮುಂದಿಡುವುದಿಲ್ಲ.

ಇಲ್ಲೊಂದು ಎಚ್ಚರಿಕೆ. ಕೆಲವು ವಸ್ತುಗಳನ್ನು ಹೊರಗಿಡುವುದು ಬೇರೆ, ಒಳಗಿರುವ ವಸ್ತುವಿನ ಬೆಲೆಯನ್ನು ತಗ್ಗಿಸಿ ಹೇಳುವುದು ಬೇರೆ. ಮೊದಲನೆಯದು ಜಾಣತನ, ಎರಡನೆಯದು ಕೈಸುಟ್ಟುಕೊಳ್ಳುವ ಕೆಲಸ. 5 ಲಕ್ಷದ ಸಲಕರಣೆಯನ್ನು ಬಿಡಿಬಿಡಿಯಾಗಿ ಬರೆಯದೆ ‘ಕ್ಯಾಮೆರಾ ಸಾಮಗ್ರಿ’ ಎಂದು ಒಟ್ಟಾಗಿ ಎರಡೂವರೆ ಲಕ್ಷಕ್ಕೆ ವಿಮೆ ಮಾಡಿಸಿದಿರಿ ಎನ್ನೋಣ. 1 ಲಕ್ಷ 80 ಸಾವಿರದ ಲೆನ್ಸು ಕಳವಾಯಿತು. ವಿಮಾ ಮೊತ್ತ ಎರಡೂವರೆ ಲಕ್ಷ ಇದೆಯಲ್ಲ, ಪೂರ್ತಿ ಬರುತ್ತದೆ ಎಂದು ನಂಬಿ ಕೂತರೆ ಕೈಗೆ ಬರುವುದು 90 ಸಾವಿರ, ಅದರಲ್ಲೂ ಎಕ್ಸೆಸ್ ಕಳೆದು. ಅರ್ಧ ಬೆಲೆಗೆ ವಿಮೆ ಮಾಡಿಸಿದವನು ಉಳಿದರ್ಧದ ವಿಮಾದಾರ ತಾನೇ ಆದಂತೆ ಎಂಬುದು ‘ಆವರೇಜ್’ ಎಂಬ ಷರತ್ತಿನ ತರ್ಕ. ಅನ್ಯಾಯವೆನಿಸಿದರೂ ಅದರಲ್ಲಿ ನ್ಯಾಯವಿದೆ: ಪೂರ್ತಿ ಬೆಲೆಗೆ ಕಟ್ಟಿದವನೂ ಅರ್ಧ ಬೆಲೆಗೆ ಕಟ್ಟಿದವನೂ ಒಂದೇ ಪರಿಹಾರ ಪಡೆಯುವಂತಿದ್ದರೆ ಪೂರ್ತಿ ಕಟ್ಟುವವನು ಯಾರು? ಇದಕ್ಕೆ ಪರಿಹಾರ ಸರಳ. ಪಾಲಿಸಿಯ ಪಟ್ಟಿಯಲ್ಲಿ ಪ್ರತಿ ವಸ್ತುವಿನ ಹೆಸರು, ಮಾದರಿ, ಸೀರಿಯಲ್ ನಂಬರು, ಬೆಲೆ ಬೇರೆ ಬೇರೆಯಾಗಿ ಇರಬೇಕು. ಆಗ ಪಟ್ಟಿಯಲ್ಲಿಲ್ಲದ ಟ್ರೈಪಾಡು ಪಟ್ಟಿಯಲ್ಲಿರುವ ಲೆನ್ಸಿನ ಪರಿಹಾರವನ್ನು ಕೆಳಗೆಳೆಯುವುದಿಲ್ಲ.

ಯಾವ ವಿಮೆಯೂ ತುಂಬಿಕೊಡದ ನಷ್ಟವೊಂದಿದೆ. ಅದು ಮಲೆನಾಡು, ಕರಾವಳಿಯವರಿಗೆ ಚೆನ್ನಾಗಿ ಗೊತ್ತಿರುವ ಬೂಷ್ಟು. ಜೂನಿನಿಂದ ಸೆಪ್ಟೆಂಬರಿನವರೆಗೆ ಆಗುಂಬೆಯಂಥ ಕಡೆ ಗಾಳಿಯೇ ಒದ್ದೆ. ಲೆನ್ಸಿನ ಒಳಗಾಜಿನ ಮೇಲೆ ಜೇಡರ ಬಲೆಯಂಥ ಎಳೆಗಳು ಹಬ್ಬುತ್ತವೆ. ನಿಧಾನವಾಗಿ ಆಗುವ ಕೆಡುಕು, ಸವೆತ, ಹವಾಮಾನದ ಪರಿಣಾಮ ಎಂದು ವಿಮಾ ಕಂಪನಿ ಇದನ್ನು ಹೊರಗಿಡುತ್ತದೆ, ಅದು ಸರಿಯೂ ಹೌದು. ಆಗುವುದು ಖಚಿತವೆಂದು ಗೊತ್ತಿರುವುದಕ್ಕೆ ವಿಮೆ ಇರುವುದಿಲ್ಲ, ಎಚ್ಚರಿಕೆ ಇರುತ್ತದೆ. ಕೆಲವು ಸಾವಿರ ರೂಪಾಯಿಯ ಡ್ರೈ ಕ್ಯಾಬಿನೆಟ್ಟು, ಅದೂ ಇಲ್ಲದಿದ್ದರೆ ಗಾಳಿಯಾಡದ ಡಬ್ಬಿ ಮತ್ತು ಆಗಾಗ ಬಿಸಿಮಾಡಿ ಒಣಗಿಸಿದ ಸಿಲಿಕಾ ಜೆಲ್ ಇದರ ಮದ್ದು. ಅಂಗಡಿಯಲ್ಲಿ ಕ್ಯಾಮೆರಾ ಕೊಳ್ಳುವಾಗ ಕೌಂಟರಿನ ಹುಡುಗ ಒತ್ತಾಯಿಸಿ ಮಾರುವ ‘ಎಕ್ಸ್‌ಟೆಂಡೆಡ್ ವಾರಂಟಿ’ಯೂ ವಿಮೆಯಲ್ಲ. ತಯಾರಿಕೆಯ ದೋಷಕ್ಕೆ ಅದು ಉತ್ತರ ಕೊಡುತ್ತದೆ. ಕಳವಿಗೆ ಖಂಡಿತ ಇಲ್ಲ, ಬಿದ್ದದ್ದಕ್ಕೆ ಸಾಮಾನ್ಯವಾಗಿ ಇಲ್ಲ. ಆ ದುಡ್ಡನ್ನು ಉಳಿಸಿ ನಿಜವಾದ ವಿಮೆಗೆ ಹಾಕುವುದು ಲೇಸು. ಹಾಗೆಯೇ ಬಿಲ್ಲಿಲ್ಲದೆ, ತೆರಿಗೆ ತಪ್ಪಿಸಿ ಅಗ್ಗವಾಗಿ ಬಂದ ‘ಗ್ರೇ ಮಾರ್ಕೆಟ್’ ಕ್ಯಾಮೆರಾ. ಕೊಳ್ಳುವಾಗ ಮೂವತ್ತು ಸಾವಿರ ಉಳಿಯಿತು ಎನಿಸುತ್ತದೆ. ಆದರೆ ಕ್ಲೇಮಿನ ಹೊತ್ತಿಗೆ ಒಡೆತನ ತೋರಿಸುವ ಕಾಗದವೇ ಇಲ್ಲದಿದ್ದರೆ ಉಳಿದ ಮೂವತ್ತರ ಜೊತೆ ಕ್ಯಾಮೆರಾದ ಪೂರ್ತಿ ಬೆಲೆಯೂ ಹೋಯಿತು.

ಈಗ ಎಲ್ಲಕ್ಕಿಂತ ಹೆಚ್ಚು ಕ್ಲೇಮುಗಳಿಗೆ ಕುತ್ತು ತರಬಲ್ಲ ಪ್ರಶ್ನೆಗೆ ಬರೋಣ. ಕ್ಯಾಮೆರಾ ಸ್ವಂತಕ್ಕೋ, ದುಡಿಮೆಗೋ? ಮನೆಯವರಿಗೆಂದು ಮಾಡಿದ ಪಾಲಿಸಿಗಳು ವೃತ್ತಿಗೆ ಬಳಸುವ ಸಲಕರಣೆಯನ್ನು ಬಹುಪಾಲು ಹೊರಗಿಡುತ್ತವೆ. ನಮ್ಮಲ್ಲಿ ಈ ಗೆರೆ ಅಷ್ಟು ಸ್ಪಷ್ಟವಾಗಿಲ್ಲ. ಹೈಸ್ಕೂಲು ಮೇಷ್ಟ್ರು, ಬ್ಯಾಂಕಿನ ಗುಮಾಸ್ತರು ಭಾನುವಾರ ರಂಗನತಿಟ್ಟಿನಲ್ಲಿ ಕೊಕ್ಕರೆಗಳ ಫೋಟೋ ತೆಗೆಯುತ್ತಾರೆ. ಅವರೇ ವರ್ಷಕ್ಕೆ ನಾಲ್ಕು ನಾಮಕರಣಕ್ಕೆ ಹೋಗಿ ಪೆಟ್ರೋಲಿನ ಖರ್ಚೆಂದು ಒಂದಿಷ್ಟು ಪಡೆಯುತ್ತಾರೆ. ಅದೂ ವೃತ್ತಿಯೇ ಎಂದರೆ ಅವರಿಗೆ ನಗು ಬರಬಹುದು, ಕ್ಲೇಮು ಪರಿಶೀಲಿಸಲು ಬರುವ ಸರ್ವೇಯರಿಗೆ ಬರುವುದಿಲ್ಲ. ‘ಅಷ್ಟು ಸಣ್ಣ ದುಡಿಮೆಯನ್ನು ಹೇಳಿ ಯಾಕೆ ಪ್ರೀಮಿಯಂ ಹೆಚ್ಚಿಸಿಕೊಳ್ಳಬೇಕು, ಅವರಿಗೆ ಹೇಗೆ ಗೊತ್ತಾಗುತ್ತದೆ’ ಎಂದು ವಾದಿಸುವವರಿದ್ದಾರೆ. ಗೊತ್ತಾಗುವುದು ಕಷ್ಟವೇನಲ್ಲ, ಕಳವಾದ ಜಾಗ ಕಲ್ಯಾಣಮಂಟಪ ಎಂದು ಎಫ್‌ಐಆರಿನಲ್ಲೇ ಇರುತ್ತದೆ, ದರಪಟ್ಟಿ ಮೊಬೈಲಿನಲ್ಲಿ ಎಲ್ಲರಿಗೂ ಕಾಣುವಂತೆ ಇರುತ್ತದೆ. ವಿಮೆಯ ಕರಾರು ಪರಮ ವಿಶ್ವಾಸದ ಮೇಲೆ ನಿಂತದ್ದು. ಮುಖ್ಯ ಸಂಗತಿಯನ್ನು ಮುಚ್ಚಿಟ್ಟದ್ದು ಸಾಬೀತಾದರೆ ಕಂಪನಿ ಇಡೀ ಕ್ಲೇಮನ್ನೇ ತಳ್ಳಿಹಾಕಬಹುದು. 2008ರಲ್ಲಿ ನಿತಿನ್ ಖಂಡೇಲ್‌ವಾಲ್ ಪ್ರಕರಣದಲ್ಲಿ, ಖಾಸಗಿ ಬಳಕೆಗೆಂದು ವಿಮೆ ಮಾಡಿಸಿ ಬಾಡಿಗೆಗೆ ಓಡಿಸುತ್ತಿದ್ದ ವಾಹನ ಕಳವಾದಾಗ, ಸುಪ್ರೀಂ ಕೋರ್ಟು ಶೇ. 75ರಷ್ಟು ಪರಿಹಾರವನ್ನು ಎತ್ತಿಹಿಡಿಯಿತು ಎಂಬುದನ್ನು ಕೆಲವರು ಉದಾಹರಿಸುತ್ತಾರೆ. ನಿಜ, ಆದರೆ ಅದು ವಾಹನದ ವಿಷಯ, ಮತ್ತು ಆ ಮುಕ್ಕಾಲು ಭಾಗಕ್ಕಾಗಿ ದೆಹಲಿಯವರೆಗೆ ಹೋಗಬೇಕಾಯಿತು. ದುಡಿಮೆ ಇದೆ ಎಂದು ಮೊದಲೇ ಬರೆದುಕೊಟ್ಟರೆ ಹೆಚ್ಚಾಗುವ ಪ್ರೀಮಿಯಂ ಆ ಓಡಾಟದ ಎದುರು ದೊಡ್ಡದಲ್ಲ.

‘ವರ್ಷವರ್ಷ ಕಂಪನಿಗೆ ಕಟ್ಟುವ ದುಡ್ಡನ್ನು ಬ್ಯಾಂಕಿನಲ್ಲಿ ಇಡುತ್ತಾ ಹೋದರೆ ನಮಗೆ ನಾವೇ ವಿಮೆ’ ಎಂಬುದು ಇನ್ನೊಂದು ವಾದ, ಇದರಲ್ಲಿ ತೂಕವಿದೆ. ವರ್ಷಕ್ಕೆ 11,800ರಂತೆ ಕೂಡಿಟ್ಟರೆ, ಬಡ್ಡಿ ಬಿಟ್ಟು, 5 ಲಕ್ಷವಾಗಲು ನಲವತ್ತೆರಡು ವರ್ಷ ಬೇಕು. ಕಳ್ಳ ಅಲ್ಲಿಯವರೆಗೆ ಕಾಯುವುದಿಲ್ಲ ಎಂದು ಏಜೆಂಟರು ಹೇಳುತ್ತಾರೆ. ಆದರೆ 60 ಸಾವಿರದ ಕ್ಯಾಮೆರಾಕ್ಕೆ 1,416 ರೂಪಾಯಿ ಲೆಕ್ಕದಲ್ಲಿ ಕೂಡಿಟ್ಟರೂ ಅದೇ ನಲವತ್ತೆರಡು ವರ್ಷವೇ ಆಗುತ್ತದೆ, ಆದ್ದರಿಂದ ಆ ಲೆಕ್ಕದಿಂದ ಏನೂ ತೀರ್ಮಾನವಾಗುವುದಿಲ್ಲ. ಕೇಳಿಕೊಳ್ಳಬೇಕಾದದ್ದು ಬೇರೆ. ನಾಳೆ ಬೆಳಿಗ್ಗೆ ಈ ಚೀಲ ಇಲ್ಲವೆಂದಾದರೆ ಸಾಲ ಮಾಡದೆ, ಮಕ್ಕಳ ಫೀಸಿಗೆ ಕೈಹಾಕದೆ ಮತ್ತೊಂದು ಕೊಳ್ಳಬಲ್ಲೆನೇ? ಕೊಳ್ಳಬಲ್ಲವರಿಗೆ, ಅಥವಾ ಕೊಳ್ಳದೆಯೂ ಇರಬಲ್ಲವರಿಗೆ, ವಿಮೆ ಬೇಡ. ನಲವತ್ತು ಐವತ್ತು ಸಾವಿರದ ಕ್ಯಾಮೆರಾ ಇಟ್ಟುಕೊಂಡ ಸಂಬಳದಾರ ಹವ್ಯಾಸಿಗಳಲ್ಲಿ ಬಹುಮಂದಿ ಈ ಗುಂಪಿಗೆ ಸೇರುತ್ತಾರೆ ಎಂದೇ ನನ್ನ ಅಭಿಪ್ರಾಯ. ವಿಮೆ ಮಾಡಿಸಿಲ್ಲವಲ್ಲ ಎಂದು ಅವರು ಕೊರಗಬೇಕಾಗಿಲ್ಲ. ಕ್ಯಾಮೆರಾದಿಂದಲೇ ಅನ್ನ ದುಡಿಯುವವರು, ಸಾಲದ ಕಂತು ಕಟ್ಟುತ್ತಿರುವವರು, ಒಂದೇ ಲೆನ್ಸಿನಲ್ಲಿ ವರ್ಷದ ಸಂಬಳ ಸುರಿದವರು ಆ ಗುಂಪಿನವರಲ್ಲ.

‘ಕಟ್ಟಿಸಿಕೊಳ್ಳುವಾಗ ಮಾತ್ರ ನಗುಮುಖ, ಕೊಡುವಾಗ ನೂರು ಕೊಂಕು’ ಎಂಬ ದೂರು ಎಲ್ಲ ಕಡೆಯೂ ಕೇಳಿಬರುತ್ತದೆ. ಇದನ್ನು ಪೂರ್ತಿ ತಳ್ಳಿಹಾಕಲಾಗದು. ಆದರೆ ಮೇಲೆ ಹೇಳಿದ ಸಂಗತಿಗಳನ್ನು ನೋಡಿ: ಬರ್ಗ್ಲರಿ ಪಾಲಿಸಿ ಇಟ್ಟುಕೊಂಡು ಸಾದಾ ಕಳವಿಗೆ ಕೇಳುವುದು, ಅರ್ಧ ಬೆಲೆಗೆ ವಿಮೆ ಮಾಡಿಸಿ ಪೂರ್ತಿ ಬಯಸುವುದು, ಕೈತಪ್ಪಿ ಬಿದ್ದದ್ದಕ್ಕೆ ರಕ್ಷಣೆ ಇಲ್ಲದ ಪಾಲಿಸಿಯ ಮೇಲೆ ಒಡೆದ ಲೆನ್ಸಿನ ಬಿಲ್ಲು ಹಾಕುವುದು. ಇವುಗಳಲ್ಲಿ ಕೊಂಕು ಕಂಪನಿಯದಲ್ಲ, ಕೊಳ್ಳುವಾಗಲೇ ಹುಟ್ಟಿಕೊಂಡದ್ದು. ಉಳಿದವುಗಳಲ್ಲಿ ಕಾನೂನು ಪಾಲಿಸಿದಾರನ ಪರವಾಗಿ ಸಾಕಷ್ಟು ವಾಲಿದೆ. ಪಾಲಿಸಿಯ ಒಕ್ಕಣೆ ಎರಡರ್ಥ ಕೊಡುವಂತಿದ್ದರೆ ಅದನ್ನು ಬರೆದ ಕಂಪನಿಯ ವಿರುದ್ಧವೇ ಅರ್ಥಮಾಡಬೇಕು ಎಂಬ ತತ್ವವನ್ನು ನಮ್ಮ ನ್ಯಾಯಾಲಯಗಳು ಮತ್ತೆ ಮತ್ತೆ ಎತ್ತಿಹಿಡಿದಿವೆ. 2020ರ ಗುರ್‌ಶಿಂದರ್ ಸಿಂಗ್ ಪ್ರಕರಣದಲ್ಲಿ, ವಾಹನ ಕಳವಾದ ಕೂಡಲೇ ಪೊಲೀಸರಿಗೆ ದೂರು ಕೊಟ್ಟಿದ್ದರೆ ಕಂಪನಿಗೆ ತಿಳಿಸುವುದು ತಡವಾಯಿತೆಂಬ ಒಂದೇ ಕಾರಣಕ್ಕೆ ಕ್ಲೇಮು ನಿರಾಕರಿಸುವಂತಿಲ್ಲ ಎಂದು ಮೂವರು ನ್ಯಾಯಮೂರ್ತಿಗಳ ಪೀಠ ಹೇಳಿತು. ಇದರಿಂದ ಕಲಿಯಬೇಕಾದದ್ದು ತಡಮಾಡಬಹುದು ಎಂದಲ್ಲ, ಮೊದಲ ಹೆಜ್ಜೆ ಠಾಣೆಯ ಕಡೆಗೆ ಎಂದು. ಎಫ್‌ಐಆರ್ ಆಗಬೇಕು, ಕಳೆದುಹೋದ ವಸ್ತುಗಳಿಗೆಂದು ಮೊಬೈಲಿನಲ್ಲಿ ಪಡೆಯುವ ರಸೀತಿ ಕಳವಿನ ಕ್ಲೇಮಿಗೆ ಸಾಲದು. ತನಿಖೆಯಲ್ಲಿ ಪತ್ತೆಯಾಗದಿದ್ದರೆ ನಮ್ಮ ರಾಜ್ಯದ ಪೊಲೀಸರು ‘ಸಿ ರಿಪೋರ್ಟ್’ ಸಲ್ಲಿಸುತ್ತಾರೆ, ಕಂಪನಿ ಕೊನೆಗೆ ಕೇಳುವ ಕಾಗದ ಅದು. ದೂರಿನಲ್ಲಿ ಸೀರಿಯಲ್ ನಂಬರು ಬರೆಯಬೇಕು, ಅದನ್ನು ಇವತ್ತೇ ಎಲ್ಲಾದರೂ ಬರೆದಿಟ್ಟಿರಬೇಕು. ಕ್ಯಾಮೆರಾ ಹೋದ ಮೇಲೆ ನಂಬರು ಹುಡುಕುವುದು ಊರು ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ.

ಕಂಪನಿ ಒಪ್ಪದಿದ್ದರೆ ಮೊದಲು ಅದರ ಕುಂದುಕೊರತೆ ವಿಭಾಗಕ್ಕೆ ಬರೆಯಬೇಕು. ಒಂದು ತಿಂಗಳೊಳಗೆ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿಯೆನಿಸದಿದ್ದರೆ, ಒಂದು ವರ್ಷದೊಳಗೆ ವಿಮಾ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಕರ್ನಾಟಕಕ್ಕೆ ಈ ಕಚೇರಿ ಬೆಂಗಳೂರಿನಲ್ಲಿದೆ. ಶುಲ್ಕವಿಲ್ಲ, ವಕೀಲರು ಬೇಕಾಗಿಲ್ಲ, 50 ಲಕ್ಷ ರೂಪಾಯಿವರೆಗಿನ ವ್ಯಾಜ್ಯ ಕೇಳುತ್ತಾರೆ, ಅವರ ತೀರ್ಪಿಗೆ ಕಂಪನಿ ಬದ್ಧ. ಒಬ್ಬರೇ ನಡೆಸುವ ಸ್ಟುಡಿಯೋದ ಹೆಸರಿನಲ್ಲಿರುವ ಪಾಲಿಸಿಗೂ ಈ ಬಾಗಿಲು ತೆರೆದಿದೆ. ಬೇಡವೆಂದರೆ ಜಿಲ್ಲಾ ಗ್ರಾಹಕ ಆಯೋಗವಿದೆ, 5 ಲಕ್ಷದವರೆಗೆ ಅಲ್ಲಿಯೂ ಶುಲ್ಕವಿಲ್ಲ. ವ್ಯಾಪಾರಕ್ಕೆಂದು ಕೊಂಡ ಸೇವೆಗೆ ಗ್ರಾಹಕ ಕಾಯ್ದೆ ಅನ್ವಯಿಸದು ಎಂದು ಕಂಪನಿಗಳು ಎತ್ತುತ್ತಿದ್ದ ತಕರಾರಿಗೆ 2023ರ ಹರ್ಸೋಲಿಯಾ ಮೋಟಾರ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಉತ್ತರ ಕೊಟ್ಟಿದೆ: ವಿಮೆ ಮಾಡಿಸುವುದು ನಷ್ಟ ತುಂಬಿಕೊಳ್ಳಲು, ಲಾಭ ಮಾಡಲಲ್ಲ.

ಸಾಲ ಮಾಡಿ ಸಲಕರಣೆ ಕೊಂಡವರಿಗೆ ಒಂದು ಮಾತು. ಮುದ್ರಾ ಸಾಲ ಕೊಟ್ಟ ಬ್ಯಾಂಕು ವಿಮೆಯನ್ನೂ ತಾನೇ ಮಾಡಿಸಿರುವುದುಂಟು. ಪಾಲಿಸಿ ತೆರೆದು ನೋಡಿದರೆ ಅದು ಅಂಗಡಿಯ ವಿಳಾಸಕ್ಕೆ ಅಂಟಿಕೊಂಡ ಬೆಂಕಿ ವಿಮೆಯಾಗಿರಬಹುದು. ಸಣ್ಣ ಉದ್ಯಮಗಳಿಗೆಂದು 2021ರಲ್ಲಿ ಬಂದ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’ದ ಮೂಲ ರಕ್ಷಣೆಯೂ ಜಾಗಕ್ಕೆ ಸೇರಿದ್ದೇ. ಮದುವೆ ಫೋಟೋಗ್ರಾಫರ ಕ್ಯಾಮೆರಾ ಸ್ಟುಡಿಯೋದಲ್ಲಿ ಇರುವುದು ರಾತ್ರಿ ಮಲಗಲಷ್ಟೇ. ಅದಕ್ಕೆ ಅಪಾಯ ಇರುವುದು ಹಗಲಿನಲ್ಲಿ, ಬಸ್ಸಿನಲ್ಲಿ, ಛತ್ರದಲ್ಲಿ. ಆ ಪಾಲಿಸಿಯ ಜೊತೆಗೇ ಹೊರಗೊಯ್ಯುವ ಸಲಕರಣೆಗೆ ಹೆಚ್ಚುವರಿ ರಕ್ಷಣೆ ಸೇರಿಸಿಕೊಡಲು ಕೇಳುವುದು ಹೊಸ ಪಾಲಿಸಿ ಹುಡುಕುವುದಕ್ಕಿಂತ ಹಗುರು. ಡ್ರೋನ್ ಇಟ್ಟುಕೊಂಡವರು ಅದನ್ನು ಇದರೊಳಗೆ ತುರುಕಲು ನೋಡಬಾರದು. 2021ರ ಡ್ರೋನ್ ನಿಯಮಗಳ ಪ್ರಕಾರ, 250 ಗ್ರಾಂವರೆಗಿನ ನ್ಯಾನೋ ಡ್ರೋನುಗಳನ್ನು ಬಿಟ್ಟು ಉಳಿದವಕ್ಕೆ ಮೂರನೆಯವರ ಹಾನಿಯ ವಿಮೆ ಕಡ್ಡಾಯ. ಅದರ ಪಾಲಿಸಿಯೇ ಬೇರೆ.

ಕೊನೆಯದಾಗಿ, ಒಬ್ಬೊಬ್ಬರೇ ಹೋಗಿ ಕೇಳುವುದಕ್ಕಿಂತ ಗುಂಪಾಗಿ ಕೇಳಿದರೆ ದರ ಇಳಿಯುವ ಸಾಧ್ಯತೆ ಹೆಚ್ಚು. ವಿಮೆಗಾಗಿಯೇ ಕಟ್ಟಿಕೊಂಡ ಗುಂಪಿಗೆ ಗುಂಪು ವಿಮೆ ಕೊಡಲು ನಿಯಮಗಳು ಒಪ್ಪುವುದಿಲ್ಲ. ಆದರೆ ನಮ್ಮಲ್ಲಿ ತಾಲ್ಲೂಕು ತಾಲ್ಲೂಕಿಗೂ ಛಾಯಾಗ್ರಾಹಕರ ಸಂಘಗಳಿವೆ, ಹವ್ಯಾಸಿಗಳ ಕೂಟಗಳಿವೆ. ಅವು ಬೇರೆ ಉದ್ದೇಶಕ್ಕೆ ಹುಟ್ಟಿ ಬೆಳೆದವು, ಆದ್ದರಿಂದ ಆ ಅಡ್ಡಿ ಅವಕ್ಕಿಲ್ಲ. ಕ್ಯಾಮೆರಾವನ್ನು ಕಾಡಿಗೆ ಒಯ್ಯುವವರೂ ಸ್ಟುಡಿಯೋದಲ್ಲೇ ಇಡುವವರೂ ಒಟ್ಟಿಗೆ ಬಂದಾಗ, ಅಪಾಯದ ಗಿರಾಕಿಗಳೇ ಬರುತ್ತಾರೆಂಬ ಕಂಪನಿಯ ಹಳೆಯ ಭಯವೂ ಕಡಿಮೆಯಾಗುತ್ತದೆ. ಇನ್ನೂರು ಸದಸ್ಯರ ಸಲಕರಣೆಯ ಪಟ್ಟಿ ಹಿಡಿದು ಸಂಘದ ಪದಾಧಿಕಾರಿಗಳು ಎರಡು ಮೂರು ಕಂಪನಿಗಳ ವಿಭಾಗೀಯ ಕಚೇರಿಗೆ ಹೋದರೆ ದರದ ಜೊತೆ ಒಕ್ಕಣೆಯ ಬಗೆಗೂ ಮಾತಾಡಬಹುದು. ಬಲಪ್ರಯೋಗವಿಲ್ಲದ ಕಳವು ಸೇರಬೇಕು, ಕೈತಪ್ಪಿ ಬಿದ್ದು ಒಡೆದದ್ದು ಸೇರಬೇಕು, ದುಡಿಮೆಯ ಬಳಕೆಗೆ ಒಪ್ಪಿಗೆ ಇರಬೇಕು, ರಕ್ಷಣೆ ವಿಳಾಸಕ್ಕೆ ಅಂಟಿರಬಾರದು. ಬಾಯಿಮಾತಿನಲ್ಲಿ ಏಜೆಂಟರು ಇವನ್ನೆಲ್ಲ ಮೊದಲ ದಿನವೇ ಒಪ್ಪಿಬಿಡುತ್ತಾರೆ. ಪಾಲಿಸಿಯ ಕರಡಿನಲ್ಲಿ ಅಚ್ಚಾಗಿ ಬರುವವರೆಗೆ ಚೆಕ್ಕು ಬರೆಯಬಾರದು.